ಅತ್ತೆ ಬೆಳೆಸಿದ ಹೈಡ್ರೇಂಜಿಯಾ

ಆ ಹೈಡ್ರೇಂಜಿಯಾ ಗಿಡಗಳನ್ನು ಕತ್ತರಿಸಿದವಳು ನಾನು. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಕತ್ತರಿಸಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ — ಕತ್ತರಿಸಿದ್ದು ನೀವೇ, ನಿಮಗೆ ಮರೆತುಹೋಗಿದೆ ಎಂದು ನನ್ನ ಅತ್ತೆಯನ್ನು ನಂಬಿಸಿದೆ. ಮೂರು ವರ್ಷ ಅವರು ಅದನ್ನು ನಂಬಿಕೊಂಡೇ ನಮ್ಮ ಮನೆಯಲ್ಲಿ ಬದುಕಿದರು.

ನಾವಿರುವುದು ಅಮೆರಿಕದ ಕರ್ಕ್‌ಲ್ಯಾಂಡ್‌ನಲ್ಲಿ. ನಾನು, ನನ್ನ ಗಂಡ ಶ್ರೀಧರ ಇಬ್ಬರೂ ಆಫೀಸಿಗೆ ಹೋಗುವವರು. ಮಗಳು ಇಳಾ ಆಗ ಎರಡನೇ ತರಗತಿ. ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗೇ ಉಳಿದರು. ಮನೆ ಕೊಂಡಾಗಲೇ ಹಿತ್ತಲ ಬೇಲಿಯುದ್ದಕ್ಕೂ ಹೈಡ್ರೇಂಜಿಯಾ ಪೊದೆಗಳಿದ್ದವು. ನಾನು ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಅತ್ತೆ ಬಂದ ಮೇಲೆ ಅವುಗಳ ಕಳೆಯೇ ಬದಲಾಯಿತು. ಬುಡಕ್ಕೆ ಮರದ ತೊಗಟೆಯ ಚೂರು ಹರಡಿದರು. ಇಲ್ಲಿ ಮಳೆ ನಿಂತು ನೆಲ ಒಣಗುವ ಜುಲೈ ತಿಂಗಳಲ್ಲಿ ಬೆಳಗ್ಗೆಯೇ ಎದ್ದು ಎಲೆಗೆ ತಾಗದಂತೆ ಬುಡಕ್ಕೆ ನೀರುಣಿಸಿದರು. ಕಾಫಿ ಚರಟವನ್ನೂ ಅಲ್ಲಿಗೇ ಸುರಿಯುತ್ತಿದ್ದರು. ಮರುವರ್ಷ ಪೊದೆ ಕಾಣದಷ್ಟು ನೀಲಿ ಹೂಗೊಂಚಲುಗಳು. ಮನೆಗೆ ಬಂದವರೆಲ್ಲ ನೇರ ಹಿತ್ತಲಿಗೆ ಹೋಗುತ್ತಿದ್ದರು. "ನೋಡು, ಅಮ್ಮ ಬಂದ್ಮೇಲೆ ಮನೆ ಮನೆ ಥರ ಆಯ್ತು" ಎಂದ ಶ್ರೀಧರ. ಅವನು ಸುಮ್ಮನೆ ಅಂದದ್ದೇ ಇರಬಹುದು. ನನಗೆ ಚುಚ್ಚಿತು.

ಗಿಡದ ವಿಷಯ ಅತ್ತೆ ನನಗೂ ಹೇಳಿಕೊಟ್ಟಿದ್ದರು. "ಚಳಿಗಾಲದಲ್ಲಿ ಬರೀ ಕಡ್ಡಿ ನೋಡಿ ಒಣಗಿದೆ ಅಂದ್ಕೋಬೇಡ ಕಣೆ ಉಮಾ. ಹೋದ ವರ್ಷದ ಕಡ್ಡಿ ಮೇಲೇ ಈ ವರ್ಷದ ಹೂವು ಬರೋದು. ಒಣಗಿದ ಹೂವು ಮಾತ್ರ ತೆಗೀಬೇಕು, ಕಡ್ಡಿ ಮುಟ್ಟಬಾರದು."

ಮಾರ್ಚ್‌ನ ಒಂದು ಶುಕ್ರವಾರ ಅವರು ಅದನ್ನೇ ಮಾಡಿದರು — ಕತ್ತರಿ ಹಿಡಿದು ಒಣಗಿದ ಹೂಗಳನ್ನಷ್ಟೇ ತೆಗೆದು ಬಂದರು. ಸಂಜೆ ಮೈಸೂರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಆಫೀಸಿನಿಂದ ಬಂದದ್ದು ಅವರಿಗೆ ಕೇಳಿಸಿರಲಿಲ್ಲ. "ಅವಳಿಗೆಲ್ಲಿ ಪುರುಸೊತ್ತು? ಗಿಡನೂ ನಾನೇ ನೋಡ್ಬೇಕು, ಮಗೂನೂ ನಾನೇ ನೋಡ್ಬೇಕು" ಎಂದು ನಕ್ಕರು. ಅಷ್ಟೇ. ಅದು ಸುಳ್ಳೂ ಅಲ್ಲ. ಆದರೆ ರಾತ್ರಿಯಿಡೀ ಆ ನಗು —

ಮರುದಿನ ಶನಿವಾರ ಅತ್ತೆ, ಶ್ರೀಧರ, ಇಳಾ ಮೂವರೂ ದೇವಸ್ಥಾನಕ್ಕೆ ಹೋದರು. ಕೆಲಸವಿದೆ ಎಂದು ನಾನು ಉಳಿದೆ. ಜಿನುಗು ಮಳೆಯಲ್ಲೇ ಹಿತ್ತಲಿಗಿಳಿದು ಒಂದೊಂದೇ ಪೊದೆಯನ್ನು ನೆಲದ ಹತ್ತಿರಕ್ಕೆ ಕತ್ತರಿಸಿದೆ. ತುದಿಗಳಲ್ಲಿ ಹಸಿರು ಮೊಗ್ಗುಗಳು ಉಬ್ಬಿದ್ದವು, ನೋಡಿದೆ, ನಿಲ್ಲಿಸಲಿಲ್ಲ. ಕಡ್ಡಿಗಳನ್ನು ಕಸದ ಡಬ್ಬಿಯ ತಳಕ್ಕೆ ತುರುಕಿ ಮೇಲೆ ಹುಲ್ಲು ಮುಚ್ಚಿದೆ. ಇದನ್ನು ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲವೆಂದು ಮುಚ್ಚುವಾಗಲೇ ತಿಳಿಯಬೇಕಿತ್ತು.

ಮರುದಿನ ಬೆಳಗ್ಗೆ ಅತ್ತೆ ಹಿತ್ತಲಿನಿಂದ ಅಡುಗೆಮನೆಗೆ ಬಂದು ನಿಂತರು. "ಯಾರೋ ಗಿಡ ಕತ್ತರಿಸಿಬಿಟ್ಟಿದಾರೆ."

ಶ್ರೀಧರ ನನ್ನ ಕಡೆ ನೋಡಿದ. ಒಂದು ಕ್ಷಣ ಇತ್ತು — ನಾನೇ ಎಂದು ಹೇಳಬಹುದಾಗಿದ್ದ ಕ್ಷಣ. ನನ್ನ ಬಾಯಿಂದ ಬಂದದ್ದು ಬೇರೆ.

"ಮೊನ್ನೆ ನೀವೇ ಕತ್ತರಿ ಹಿಡ್ಕೊಂಡು ಹೋಗಿದ್ರಲ್ಲ ಅತ್ತೆ? ಮರೆತುಬಿಟ್ರಾ?"

"ನಾನು ಹೂವು ಮಾತ್ರ ತೆಗೆದಿದ್ದು..." ಎಂದರು. ಶ್ರೀಧರ ಹತ್ತಿರ ಹೋಗಿ, "ಹೋಗ್ಲಿ ಬಿಡಮ್ಮ, ವಯಸ್ಸಾಯ್ತಲ್ಲ" ಎಂದು ಹೆಗಲು ಹಿಡಿದ. ಅತ್ತೆ ತಮ್ಮ ಕೈಗಳನ್ನೇ ನೋಡಿಕೊಂಡರು.

ಆ ಬೇಸಿಗೆ ಒಂದೂ ಹೂ ಬರಲಿಲ್ಲ. ನಾನು ಕಾಯುತ್ತಿದ್ದೆ — ಯಾರಾದರೂ ಡಬ್ಬಿಯ ಮಾತೆತ್ತುತ್ತಾರೆ, ಯಾರಾದರೂ ನನ್ನನ್ನು ಕೇಳುತ್ತಾರೆ ಎಂದು. ಯಾರೂ ಕೇಳಲಿಲ್ಲ. ಅದರ ಬದಲು ಮನೆಯಲ್ಲಿ ಏನು ಕಳೆದರೂ ಅತ್ತೆಯ ಹೆಸರು ಬರತೊಡಗಿತು. ಕಾರಿನ ಕೀ ಕಾಣಿಸದಿದ್ದರೆ ಶ್ರೀಧರ ಮೊದಲು ಅವರ ಕೋಣೆಗೆ ಹೋಗುತ್ತಿದ್ದ. ಒಂದು ದಿನ ಒಲೆಯ ಮೇಲೆ ಪಾತ್ರೆ ಸೀದು ಹೊಗೆಗೆ ಅಲಾರ್ಮ್ ಕೂಗಿತು. ಇಳಾ ಓಡಿಬಂದು, "ಅಜ್ಜಿ, ಡಿಡ್ ಯು ಫರ್ಗೆಟ್ ಅಗೇನ್?" ಎಂದಳು. ಅತ್ತೆ ಹೌದೆಂದು ತಲೆಯಾಡಿಸಿದರು. ಅವತ್ತಿನಿಂದ ಒಲೆ ಮುಟ್ಟಲಿಲ್ಲ. ಮನೆ ಹತ್ತಿರದ ಸರೋವರದ ಕಡೆ ಒಬ್ಬರೇ ವಾಕಿಂಗ್ ಹೋಗುವುದನ್ನೂ ಬಿಟ್ಟರು. ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದಾಗ, ಅವರೇ ನಂಬಲಿಲ್ಲ. ಗಿಡಗಳು ಮತ್ತೆ ಚಿಗುರಿ ಮುಂದಿನ ವರ್ಷ ಹೂ ಬಿಟ್ಟವು; ಅವರು ಕಿಟಕಿಯಿಂದ ನೋಡಿದರು, ಹಿತ್ತಲಿಗಿಳಿಯಲಿಲ್ಲ.

ನಾನು ಏನು ಮಾಡುತ್ತಿದ್ದೆ? ಅವರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀಯ ಎಂದು ಸ್ನೇಹಿತರು ಹೊಗಳುತ್ತಿದ್ದರು. ಹೊಗಳಿಸಿಕೊಂಡೆ.

ಈ ವರ್ಷ ಮೇ ತಿಂಗಳ ಒಂದು ಭಾನುವಾರ, ತಿಂಡಿಯ ಹೊತ್ತಿಗೆ ಅತ್ತೆ ಮಗನಿಗೆ ಹೇಳಿದರು: "ಇಲ್ಲಿ ಮರೆವಿನವರನ್ನ ಇಟ್ಕೊಳ್ಳೋ ಮನೆ ಇರತ್ತಂತಲ್ಲ, ನನ್ನನ್ನ ಅಲ್ಲಿಗೆ ಸೇರಿಸಿಬಿಡಪ್ಪ. ನನ್ನಿಂದ ಮಗೂಗೆ ಏನಾದ್ರೂ ಆದ್ರೆ ನಾನು ತಡ್ಕೊಳಲ್ಲ."

ಶ್ರೀಧರ ಬೇಡವೆನ್ನಲಿಲ್ಲ. "ನೋಡ್ಕೊಂಡು ಬರೋಣಮ್ಮ" ಎಂದ.

"ಅತ್ತೆ, ಗಿಡ ಕತ್ತರಿಸಿದ್ದು ನಾನು" ಎಂದೆ.

ಅವರು ನನ್ನ ಕೈ ಸವರಿದರು. "ನನ್ನ ಸಮಾಧಾನಕ್ಕೆ ಹೇಳ್ತಿದೀಯ ಕಣೆ."

ಆ ಸ್ಪರ್ಶವನ್ನು ನಾನು ಸಹಿಸಲಾರದೆ ಹೋದೆ. ಕೈ ಹಿಂದಕ್ಕೆಳೆದುಕೊಂಡೆ. ಫೋನಿನ ಮಾತು, ದೇವಸ್ಥಾನಕ್ಕೆ ಹೋದ ಶನಿವಾರ, ಡಬ್ಬಿಯ ತಳ, ಮೇಲೆ ಮುಚ್ಚಿದ ಹುಲ್ಲು — ಎಲ್ಲವನ್ನೂ ಗಂಡನ ಎದುರೇ ಹೇಳಿದೆ. "ಉಮಾ, ನೀನು..." ಎಂದ ಶ್ರೀಧರ ಎದ್ದು ಹೊರಗೆ ಹೋದ. ಇಳಾ ಮೆಲ್ಲಗೆ ಕೇಳಿದಳು: "ಸೋ ಅಜ್ಜಿ ವಾಸ್ ರೈಟ್?"

"ಹೌದು ಪುಟ್ಟ, ಅಜ್ಜಿ ಹೇಳಿದ್ದೇ ಸರಿ."

ಅತ್ತೆ ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಇಷ್ಟೇ, "ಹಾಗಾದ್ರೆ ಆ ದಿನ ಪಾತ್ರೆ ಸೀಯಿಸಿದ್ದು?"

ನನಗೆ ಗೊತ್ತಿರಲಿಲ್ಲ. ನಾನೂ ಆ ಬೆಳಗ್ಗೆ ಅಡುಗೆಮನೆಗೆ ಹೋಗಿಬಂದಿದ್ದೆ, ಶ್ರೀಧರನೂ ಹೋಗಿದ್ದ. ಒಲೆ ಹಚ್ಚಿಟ್ಟದ್ದು ಯಾರೆಂದು ಅಂದು ಯಾರೂ ಯೋಚಿಸಿರಲಿಲ್ಲ, ಎಲ್ಲರೂ ಅವರ ಮುಖ ನೋಡಿದ್ದೆವು. "ಗೊತ್ತಿಲ್ಲ ಅತ್ತೆ" ಎಂದೆ. ಅವರು ಎದ್ದು ಕೋಣೆಗೆ ಹೋದರು.

ಶ್ರೀಧರ ಈಗ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಅತ್ತೆ ಎಲ್ಲಿಗೂ ಹೋಗಲಿಲ್ಲ; ಮತ್ತೆ ಅಡುಗೆ ಮಾಡುತ್ತಾರೆ, ಹಿತ್ತಲಿಗೂ ಇಳಿಯುತ್ತಾರೆ. ಆದರೆ ಒಲೆ ಆರಿಸಿ ಹೊರಟವರು ಬಾಗಿಲ ತನಕ ಹೋಗಿ ವಾಪಸು ಬಂದು ಗುಂಡಿ ಮುಟ್ಟಿ ನೋಡುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಆರಿಸಿದೀರಿ ಅತ್ತೆ, ನಾನೇ ನೋಡಿದೆ ಎನ್ನಲು ಬಾಯಿ ತೆರೆಯುತ್ತೇನೆ — ಸುಮ್ಮನಾಗುತ್ತೇನೆ. ನನ್ನ ಮಾತನ್ನು ಅವರು ಯಾಕಾದರೂ ನಂಬಬೇಕು?