ಬೀಗರ ಊಟದಲ್ಲಿ ಬಿದ್ದ ಮೂರು ಲಕ್ಷ

ಕಳೆದ ಭಾನುವಾರ ಮಳವಳ್ಳಿಯ ಬೀಗರ ಊಟದಲ್ಲಿ ನನ್ನ ಎಲೆಗೆ ಮುದ್ದೆ ಬಿದ್ದದ್ದಕ್ಕೂ, ನನ್ನ ಮಗನ ಬಾಯಿಂದ ಮೂರು ಲಕ್ಷ ಬಿದ್ದದ್ದಕ್ಕೂ ಸರಿಹೋಯಿತು.

ಮೂರು ಲಕ್ಷ ಅವನು ಯಾರಿಗೂ ಕೊಟ್ಟಿಲ್ಲ. ಕೊಟ್ಟೆ ಎಂದು ಹೇಳಿದ, ಅಷ್ಟೆ.

ನಡೆದದ್ದು ಇಷ್ಟು, ಮೊಮ್ಮಕ್ಕಳೇ. ನನ್ನ ತಮ್ಮನ ಮಗನ ಮದುವೆಯಾಗಿ ಮೂರನೆಯ ದಿನ. ಛತ್ರದ ತುಂಬ ಮಟನ್ ಸಾರಿನ ಘಮ. (ಹೌದು, ನಾನು ತಿನ್ನುತ್ತೇನೆ. ನಿಮ್ಮ ತಾತ ಹೋದ ಮೇಲೆ ಬಿಟ್ಟುಬಿಡು ಎಂದು ಹೇಳಿದವರಿದ್ದರು. ಅವರೇ ಈಗ ಬಿ.ಪಿ. ಎಂದು ಬಿಟ್ಟಿದ್ದಾರೆ.) ನನ್ನ ಮಗ ರಮೇಶ ನನ್ನಿಂದ ಎರಡು ಎಲೆ ಆಚೆ ಕೂತಿದ್ದ. ಮದ್ದೂರಿನಲ್ಲಿ ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ಎದುರು ಸಾಲಿನಲ್ಲಿ ನನ್ನ ತಮ್ಮನ ಹೊಸ ಬೀಗರು, ಚಿಕ್ಕಣ್ಣನವರು. ಅವರ ಪಕ್ಕ ರಮೇಶನ ಮಗಳು, ನನ್ನ ಮೊಮ್ಮಗಳು ಇಂಚರ.

ಚಿಕ್ಕಣ್ಣನವರು ತಮ್ಮ ಮಗನ ಎಂಜಿನಿಯರಿಂಗ್ ಸೀಟಿಗೆ ಸುರಿದ ದುಡ್ಡಿನ ಕಥೆಯನ್ನು ಬೋಟಿ ಗೊಜ್ಜಿನ ಜೊತೆ ಸವಿಯುತ್ತಾ ಹೇಳಿದರು. ಕೇಳಿದವರೆಲ್ಲ ಆಹಾ ಎಂದರು. ದುಡ್ಡು ಹೋದದ್ದಕ್ಕೆ ಆಹಾ! ಎತ್ತು ಕೊಂಡರೆ ನಮ್ಮ ಜನ ಕೊಟ್ಟದ್ದಕ್ಕಿಂತ ಕಡಿಮೆ ಹೇಳಿ ಮೆರೆಯುತ್ತಾರೆ. ಸೀಟು ಕೊಂಡರೆ ಮಾತ್ರ ಯಾಕೆ ಜಾಸ್ತಿ ಹೇಳಿ ಮೆರೆಯುತ್ತಾರೆ?

ಆಮೇಲೆ ಅವರ ಕಣ್ಣು ನನ್ನ ಮಗನ ಕಡೆ ತಿರುಗಿತು. ಇಂಚರ ಮಹಾರಾಜರ ಕಾಲದ ಆ ಹಳೆಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಸರ್ಕಾರಿಯಾ, ಬೇರೆಲ್ಲೂ ಸಿಗಲಿಲ್ಲವಾ ಎಂದು ಕೇಳಿದರು.

"ಅಲ್ಲೇನ್ ಬಿಟ್ಟಿ ಓದುಸ್ತಾರಾ ಕಣಣ್ಣ," ಎಂದ ರಮೇಶ. "ಮೂರು ಲಕ್ಸ ಬಿದ್ದದೆ ನಂಗೆ."

ಇದು ಅವನ ಮೊದಲ ಸುಳ್ಳಲ್ಲ. ಸೀಟು ಸಿಕ್ಕ ಹೊಸದರಲ್ಲಿ ಅಂಗಡಿಯಲ್ಲಿ ಒಂದು ಲಕ್ಷ ಎಂದಿದ್ದ. ಈ ಮದುವೆಯ ಶಾಸ್ತ್ರದ ದಿನ ಅದು ಮೂರಾಗಿತ್ತು. ಸಿಮೆಂಟಿನ ರೇಟೂ ಇಷ್ಟು ಬೇಗ ಏರಿದ್ದು ನಾನು ಕಾಣೆ. ಇಂಚರ ಮಾತ್ರ ನನ್ನ ಹತ್ತಿರ ಬಂದು, ಅಪ್ಪ ಹೀಗೆ ಹೇಳುತ್ತಾ ಹೋದರೆ ನನ್ನದು ಪೇಮೆಂಟ್ ಸೀಟು ಎಂದುಕೊಳ್ಳುತ್ತಾರೆ ಅಜ್ಜಿ, ಎಂದು ಮುಖ ಸಣ್ಣ ಮಾಡಿದ್ದಳು. ಮಾರ್ಕ್ಸ್ ತೆಗೆದು ಸಂಪಾದಿಸಿದ್ದನ್ನು ಅಪ್ಪನೇ ಕೊಂಡದ್ದು ಎಂದು ಸಾರಿದರೆ ಯಾವ ಮಗಳಿಗೆ ನೋವಾಗುವುದಿಲ್ಲ?

ನಿಜವಾದ ಫೀಸು ಎಷ್ಟೆಂದು ನನಗೆ ಗೊತ್ತು. ಇಂಚರ ಫೋನಿನಲ್ಲಿ ಕಟ್ಟುವಾಗ ಒಂದೊಂದೇ ಬಾಬತ್ತು ನನಗೆ ಓದಿ ಹೇಳಿದ್ದಳು. ಪಾಠಕ್ಕಿಷ್ಟು, ಲೈಬ್ರರಿಗಿಷ್ಟು, ಲ್ಯಾಬಿಗಿಷ್ಟು, ಪರೀಕ್ಷೆಗಿಷ್ಟು. ಆಟಕ್ಕೂ ಒಂದಿಷ್ಟು ಸೇರಿಸಿದ್ದರು. ನಮ್ಮೂರ ಶಾಲೆಯಲ್ಲಿ ಆಟ ಆಡಿದರೆ ಏಟು ಬೀಳುತ್ತಿತ್ತು, ನಿಮಗೆ ರಸೀದಿ ಕೊಡುತ್ತಾರಲ್ಲ ಎಂದು ನಾವಿಬ್ಬರೂ ನಕ್ಕಿದ್ದೆವು. ಹಾಸ್ಟೆಲ್ಲು, ಊಟ ಬೇರೆ. ಅದೆಲ್ಲ ಕೂಡಿದರೂ ಮೂರು ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ.

ಆದರೂ ನಾನು ಸುಮ್ಮನಿದ್ದೆ. ನಿಮಗಾಗಿ ವಾರವಾರ ಇಷ್ಟೆಲ್ಲ ಬರೆಯುವ ಈ ಅಜ್ಜಿ ಪಂಕ್ತಿಯಲ್ಲಿ ಕೂತರೆ ಉಪ್ಪು ಬೇಕೆಂದು ಕೂಡ ಕೇಳುವವಳಲ್ಲ. ಅಲ್ಲದೆ ಬೀಗರ ಮುಂದೆ ಮಗ ನಾಲ್ಕು ಮಾತು ಜಂಬ ಹೊಡೆದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ.

ಯಾರ ಗಂಟು ಹೋಗುತ್ತದೆ ಎಂಬುದು ಪಕ್ಕದ ಎಲೆಯಲ್ಲೇ ಕೂತಿತ್ತು.

ಅವಳು ಸಾಕಮ್ಮ. ಹನಕೆರೆಯವಳು, ದೂರದ ಸಂಬಂಧದಲ್ಲಿ ನನಗೆ ತಂಗಿಯ ಮಗಳಾಗಬೇಕು. ವಿ.ಸಿ. ಫಾರಂನ ಹೊಲಗಳಲ್ಲಿ ಕೂಲಿಗೆ ಹೋಗುತ್ತಾಳೆ. ಅವಳ ಮಗಳು ಭೂಮಿಕಾ ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ, ಒಳ್ಳೆಯ ಮಾರ್ಕ್ಸ್ ಬಂದಿದೆ ಎಂದು ಕೇಳಿದ್ದೆ. ಮಾತಿಗೆ ಮಾತು ಎಂದು, ಮುಂದಕ್ಕೆ ಓದಿಸುತ್ತೀಯಾ ಎಂದು ಮೆಲ್ಲಗೆ ಕೇಳಿದೆ.

ಸಾಕಮ್ಮ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಎಲ್ಲಿಂದ ತರನೆ ದೊಡ್ಡವ್ವ? ರಮೇಸಣ್ಣನಂತೋರ್ಗೇ ಮೂರು ಲಕ್ಸ ಆಗದೆ. ಅವತ್ತು ಶಾಸ್ತ್ರದಲ್ಲೂ ಯೋಳ್ತಿದ್ರಲ್ಲ, ಕೇಳುಸ್ಕಂಡೆ. ನಮ್ಮಂತೋರ್ಗಲ್ಲ ಬುಡು ಅಂದ್ಬುಟ್ಟೆ. ಅರ್ಜಿ ಆಕಕ್ಕೆ ನಾಳಿಕೇ ಲಾಸ್ಟಂತೆ. ಅತ್ಕಂಡು ಸುಮ್ಕಾದ್ಲು."

ನಾನು ರಮೇಶನ ಕಡೆ ತಿರುಗಿ ನೋಡಿದೆ.

ಒಂದು ಕಡೆ ಹೊಸ ಬೀಗರ ಎದುರು ಮಗನ ಮುಖ. ಇನ್ನೊಂದು ಕಡೆ, ಸುಳ್ಳಿನ ಲೆಕ್ಕ ಕೇಳಿ ಅರ್ಜಿಯನ್ನೇ ಹಾಕದೆ ಮನೆಯಲ್ಲಿ ಉಳಿಯಲಿರುವ ಹುಡುಗಿ. ಸಾಕಮ್ಮನ ಕಿವಿಯಲ್ಲಿ ಗುಟ್ಟಾಗಿ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಯೋಚಿಸಿದೆ. ಆದರೆ ಆ ಸಾಲಿನಲ್ಲಿ ಇನ್ನೆಷ್ಟು ಸಾಕಮ್ಮಂದಿರು ಕೂತು ರಮೇಶನ ಮೂರು ಲಕ್ಷವನ್ನು ನಂಬಿದ್ದರೋ? ಜೋರಾಗಿ ಹೇಳಿದ ಸುಳ್ಳಿಗೆ ಪಿಸುಮಾತಿನ ನಿಜ ಸಾಲದು.

ಬಾಯಿ ಹೇಗೆ ಬಂತೋ ಕಾಣೆ.

"ಲೋ ರಮೇಸ, ಲೆಕ್ಕ ತಪ್ಪೋಗದೆ ಕಣಪ್ಪ ನಿಂಗೆ. ನಮ್ ಇಂಚರ ಮೆರಿಟ್ಟಲ್ಲಿ ಓಗಿರೋದು. ಇವತ್ತು ಈ ಸಾರ್ಗೆ ಬಿದ್ದಿರೋ ಒಂದು ಬಂಡೂರು ಟಗರಿನ ರೇಟೂ ಇಲ್ಲ ಅವ್ಳ ವರ್ಸದ ಫೀಸು."

ಬಡಿಸುವವನು ಸೌಟು ಹಿಡಿದು ಹಾಗೇ ನಿಂತ. ರಮೇಶ ತಲೆ ತಗ್ಗಿಸಿ ಎಲೆಯ ಮೇಲಿನ ಮೂಳೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ಚಿಕ್ಕಣ್ಣನವರು ಬಿಡಬೇಕಲ್ಲ? ಅಷ್ಟು ಕಡಿಮೆ ದುಡ್ಡಿಗೆ ಅಲ್ಲಿ ಅದೇನು ಹೇಳಿಕೊಟ್ಟಾರು ಎಂದು ಮೀಸೆಯಲ್ಲೇ ನಕ್ಕರು.

ಉತ್ತರ ಅವರ ಪಕ್ಕದಿಂದಲೇ ಬಂತು. ನನ್ನ ಹಾಗೇ ಸಂಕೋಚದವಳು ನಮ್ಮ ಇಂಚರ. ನೀರಿನ ಲೋಟ ಕೆಳಗಿಟ್ಟು ಬಹಳ ಮರ್ಯಾದೆಯಿಂದಲೇ ಹೇಳಿದಳು:

"ದುಡ್ಡು ಕಮ್ಮಿ ಕೊಡ್ಬೇಕು ಅಂದ್ರೆ ಮಾರ್ಕ್ಸ್ ಜಾಸ್ತಿ ಕೊಡ್ಬೇಕು ಮಾವ."

ಮೊದಲು ನಕ್ಕದ್ದು ಬಡಿಸುವವನು. ಆಮೇಲೆ ಇಡೀ ಸಾಲು. ಚಿಕ್ಕಣ್ಣನವರೂ ನಕ್ಕರು ಎನ್ನಿ, ಒಳ್ಳೆಯ ಮನುಷ್ಯ. ನನಗೆ ಎದೆ ಎಷ್ಟು ಉಬ್ಬಿತು ಎಂದರೆ ಸಂಕೋಚವೆಲ್ಲ ಬಿಟ್ಟು ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡೆ.

ಸಾಕಮ್ಮನಿಗೆ ನಗು ಬರಲಿಲ್ಲ. ನಿಜವಾ ದೊಡ್ಡವ್ವ, ನಿಜವಾ ಎಂದು ಕೇಳುತ್ತಲೇ ಇದ್ದಳು. ನಾನು ಮೊತ್ತ ಹೇಳಿದೆ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಮಕ್ಕಳೇ, ಇದನ್ನೂ ತಿಳಿಯಿರಿ: ನನಗೆ ಕಡಿಮೆ ಎನಿಸಿದ್ದು ಅವಳಿಗೆ ಕಡಿಮೆ ಅಲ್ಲ. ಬಿಸಿಲಲ್ಲಿ ಬಗ್ಗಿ ಕಳೆ ಕಿತ್ತ ಕೂಲಿ ಅದು. ಫೀಸು ಇನ್ನೊಂದಿಷ್ಟು ಏರಿದ್ದರೂ ಅವಳ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತೇನೋ. ಹೊರಗಿನವರಿಗೆ ಸಣ್ಣದಾಗಿ ಕಾಣುವ ಆ ಹಳೆಯ ವಿಶ್ವವಿದ್ಯಾಲಯದ ಫೀಸಿನಲ್ಲೇ ಅದರ ದೊಡ್ಡಸ್ತಿಕೆ ಇದೆ ಎಂದು ಅವಳ ಮುಖ ನೋಡುವಾಗ ನನಗೆ ಅನಿಸಿತು.

"ಈ ತಿಂಗ್ಳು ಚೀಟಿ ಎತ್ತುದ್ರೆ ಆಯ್ತದೆ," ಎಂದಳು ಕೊನೆಗೆ. ಎಂದವಳೇ ಎಂಜಲು ಕೈಯಲ್ಲೇ ಎದ್ದು, ಎರಡನೆಯ ಪಂಕ್ತಿಗೆ ಕಾಯುತ್ತಿದ್ದ ಮಗಳನ್ನು ಕೂಗಿ ಕರೆದಳು.

ಇಂಚರ, ಭೂಮಿಕಾ ಇಬ್ಬರೂ ಛತ್ರದ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಅರ್ಜಿ ತುಂಬಿದರು. ಮಾರ್ಕ್ಸ್ ಕಾರ್ಡಿನ ಫೋಟೊ ಭೂಮಿಕಾಳ ಫೋನಿನಲ್ಲೇ ಇತ್ತು. (ಬೇಡ ಎಂದು ಅಮ್ಮ ಹೇಳಿದ ಮೇಲೂ ಅಳಿಸಿರಲಿಲ್ಲ!) ಅರ್ಜಿಯ ಶುಲ್ಕ ಕಟ್ಟುವ ಹೊತ್ತಿಗೆ ರಮೇಶ ಅಲ್ಲಿಗೆ ಬಂದು, ನಾನು ಹಾಕುತ್ತೇನೆ ಎಂದು ಫೋನು ತೆಗೆದ. ತಪ್ಪಿನ ಭಾರ ಇಳಿಸಿಕೊಳ್ಳಲು ಇರಬೇಕು.

"ಬ್ಯಾಡ ಬುಡಣ್ಣ," ಎಂದಳು ಸಾಕಮ್ಮ, ಸೊಂಟದ ಚೀಲದಿಂದ ನೋಟು ತೆಗೆದು ಇಂಚರಳ ಕೈಗಿಡುತ್ತಾ. "ನಮ್ ಮಗ್ಳ ಫೀಸು ನಾವೇ ಕಟ್ತೀವಿ. ನೀನೊಬ್ನೇ ಯೋಳ್ಕಂಡು ತಿರುಗ್ಬೇಕಾ?"

ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ರಮೇಶ. ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಕನ್ನಡಿಯಲ್ಲಿ ಹಿಂದೆ ನೋಡಿ ಮಗಳನ್ನು ಕೇಳಿದ:

"ಅಲ್ಲ ಕಣವ್ವ, ಆ ಮೆರಿಟ್ ಲಿಸ್ಟಲ್ಲಿ ನೀನು ಎಷ್ಟನೇಳು?"

"ನಾಲ್ಕನೇಳು ಅಪ್ಪ."

ಇಷ್ಟು ದಿನ ಅದನ್ನು ಅವನು ಕೇಳಿರಲೇ ಇಲ್ಲ ನೋಡಿ. ಕಾರು ಸ್ವಲ್ಪ ನಿಧಾನವಾಯಿತು.

ಈಗ ಅಂಗಡಿಯಲ್ಲಿ ಮೊಳೆ ತೂಗುತ್ತಾ ಬಂದವರಿಗೆಲ್ಲ ಮಗಳ ಸ್ಥಾನ ಹೇಳುತ್ತಿದ್ದಾನೆ. ಮೊನ್ನೆ ಯಾರಿಗೋ ಎರಡನೆಯವಳು ಎಂದನಂತೆ. ಹುಟ್ಟುಗುಣ, ಏನು ಮಾಡುವುದು?

ಭೂಮಿಕಾಳ ಮೆರಿಟ್ ಪಟ್ಟಿ ಇನ್ನೂ ಬಂದಿಲ್ಲ. ಸಾಕಮ್ಮ ಚೀಟಿ ಎತ್ತಿ ಕಾಯುತ್ತಿದ್ದಾಳೆ, ನಾನೂ ಕಾಯುತ್ತಿದ್ದೇನೆ.

ಮೊಮ್ಮಕ್ಕಳೇ, ನಿಮ್ಮ ಫೀಸು ಎಷ್ಟೆಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ, ಸ್ವಲ್ಪ ಜೋರಾಗಿಯೇ ಹೇಳಿ: ಪಕ್ಕದ ಎಲೆಯಲ್ಲಿ ಯಾರ ತಾಯಿ ಕೂತು ಕೇಳಿಸಿಕೊಳ್ಳುತ್ತಿದ್ದಾಳೋ ಯಾರಿಗೆ ಗೊತ್ತು?