ಕಟ್ಟದ ಸ್ಪಂಜು

ನಿನ್ನೆ ಇಲ್ಲಿ ಗಲ್ಫಲ್ಲಿ, ಬಿನ್ ಮಹಮೂದ್ ಏರಿಯಾದ ಹೋಟೆಲಿಂದ ಪರೋಟ ಪಾರ್ಸೆಲ್ ತಂದೆ. ಸಿಲ್ವರ್ ಫಾಯಿಲ್ ಬಿಚ್ಚುವಾಗ ಚರಚರ ಶಬ್ದ... ಲ್ಯಾಬಿನ ಅಣ್ಣನ ನೆನಪಾಯ್ತು. ಅವರ ಸ್ಪಂಜೂ ಹೀಗೇ ಫಾಯಿಲೊಳಗೆ ಇರ್ತಿತ್ತು.

ಮೂರು ವರ್ಷದ ಹಿಂದೆ ನಾನು ಗಾಳಿ ಪರೀಕ್ಷೆ ಮಾಡುವ ಆ ಲ್ಯಾಬಿನ ಪಿಕಪ್ ಓಡಿಸ್ತಿದ್ದೆ. ಅಣ್ಣ ನಮ್ಮ ಕಡೆಯವರೇ, ಉಡುಪಿ. ಅವರ ಕೆಲಸ ಅಂದ್ರೆ, ಫ್ಯಾಕ್ಟರಿ ತುಂಬಿದ ಮೆಸಯೀದ್ ಊರಿನ ಮೂರು ಬಿಲ್ಡಿಂಗಿನ ಟೆರೇಸಲ್ಲಿ ಸ್ಟೀಲ್ ಬಟ್ಟಲು ಎರಡೆರಡು ಎದುರುಬದುರು ಸೇರಿಸಿ, ಒಳಗೆ ಖುಬ್ಬೂಸ್ ರೊಟ್ಟಿಯಷ್ಟು ಅಗಲದ ಒಂದು ಸ್ಪಂಜು ಕಟ್ಟುದು. ಮೂರು ತಿಂಗಳು ಗಾಳಿ ಕುಡಿಲಿಕ್ಕೆ ಬಿಟ್ಟು, ಮತ್ತೆ ತೆಗೆದು ಎಷ್ಟು ವಿಷ ಹಿಡಿದಿದೆ ಅಂತ ಲ್ಯಾಬಲ್ಲಿ ನೋಡುದು. ಇಂಥದ್ದೇ ಬಟ್ಟಲನ್ನು ಉತ್ತರ ಧ್ರುವದ ಮಂಜಲ್ಲೂ ಕಟ್ಟಿ ಬಂದಿದ್ದೇನೆ ಅಂತಿದ್ರು. ನಾನು ನಂಬ್ಲಿಲ್ಲ.

"ಅಲ್ಲಿ ಎಂತ ಉಂಟು ಅಣ್ಣ? ಫ್ಯಾಕ್ಟರಿ ಉಂಟಾ?"

"ಎಂತದೂ ಇಲ್ಲ ಮಾರಾಯ. ಆದ್ರೂ ಗಾಳಿಯಲ್ಲಿ ವಿಷ ಉಂಟು. ಗದ್ದೆಗೆ ಹೊಡೆದ ಹಳೇ ಮದ್ದು, ಟ್ರಾನ್ಸ್‌ಫಾರ್ಮರಿನ ಹಳೇ ಎಣ್ಣೆ. ಸೆಕೆಗೆ ಇಲ್ಲಿ ಆವಿಯಾಗಿ ಏಳ್ತದೆ, ಚಳಿಗೆ ಅಲ್ಲಿ ಕೂರ್ತದೆ. ಮತ್ತೆ ಮೀನಿನ ನೆಣಕ್ಕೆ, ಆ ಮೀನು ತಿಂದವಳ ಎದೆಹಾಲಿಗೆ."

"ಅಷ್ಟು ದೂರ ಟಿಕೆಟ್ ಇಲ್ದೆ ಹೋಗ್ತದಾ?"

ನಕ್ಕರು. ಅವ್ರಿಗೆ ಅಲ್ಲಿಗೆ ಇನ್ನೊಮ್ಮೆ ಹೋಗ್ಲಿಕ್ಕಿತ್ತು. ಈ ಮೂರು ಸ್ಪಂಜಿನ ರಿಪೋರ್ಟ್ ಸರಿ ಬಂದ್ರೆ ಅಲ್ಲಿಗೆ ಹೋಗುವ ತಂಡದಲ್ಲಿ ಸೀಟ್ ಗ್ಯಾರಂಟಿ. ಆ ಮಾತು ಬಂದ್ರೆ ಅವರ ಮುಖವೇ ಬೇರೆ...

ನಂಗೆ ಯಾರ ಮೇಲೂ ನಂಬಿಕೆ ಇಲ್ಲ. ಸೇಲ್ಸ್‌ಮ್ಯಾನ್ ಕೆಲಸ ಅಂತ ಏಜೆಂಟ್ ಹೇಳಿದ್ದ, ಇಲ್ಲಿ ಇಳಿದ್ರೆ ಡ್ರೈವರ್. ಹಾಗೆ ಅಣ್ಣನ ಮೇಲೂ ಕಣ್ಣಿಟ್ಟೆ. ಬಟ್ಟಲಿನ ಹತ್ರ ಸಿಗರೇಟ್ ಬೇಡ, ಅತ್ತರ್ ಹಾಕಿ ಬರ್ಬೇಡ ಅಂತಿದ್ರು. ಎಂತ ಮುಚ್ಚಿಡ್ತಾರೆ?

ಸ್ಪಂಜು ತೆಗಿಯುವ ದಿನ ಸಿಕ್ಕಿಬಿದ್ರು ಅಂದ್ಕೊಂಡೆ. ಕಟ್ಟಿದ್ದು ಮೂರು, ಸ್ಪಂಜು ತುಂಬಿಸ್ಲಿಕ್ಕೆ ತಂದ ಡಬ್ಬ ನಾಲ್ಕು. ನಾಲ್ಕನೇದರಲ್ಲಿ ಹೊಸ ಸ್ಪಂಜು. ಅದನ್ನು ಬಿಚ್ಚಿ, ಒಂದು ನಿಮಿಷ ಗಾಳಿಗೆ ಹಿಡಿದು, ಪುನಃ ಸುತ್ತಿ, ನಂಬರ್ ಬರೆದು ಉಳಿದದ್ರ ಜೊತೆ ಇಟ್ರು. ಕಟ್ಟದ್ದನ್ನು ಕಟ್ಟಿದ್ದು ಅಂತ ದಾಟಿಸ್ತಾರೆ, ಕಳ್ಳ ಕೆಲಸ! ಕೂಡ್ಲೇ ಆಫೀಸಿನ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ.

ಮ್ಯಾನೇಜರ್ ಸಂಬಳ, ರಜೆ ನೋಡುವವರು. ಈ ಸ್ಪಂಜಿನ ವಿಷಯ ಅವ್ರಿಗೂ ನನ್ನಷ್ಟೇ ಗೊತ್ತು. ಬಖೂರ್ ಧೂಪದ ಹೊಗೆ ತುಂಬಿದ ರೂಮಲ್ಲಿ ನಾಲ್ಕೂ ಡಬ್ಬ ತೆಗ್ಸಿ, ಬರಿಗೈಯಲ್ಲಿ ಹಿಸುಕಿ ನೋಡಿದ್ರು. ಹೊಗೆಯೂ ಕೈಯ ಕೊಳೆಯೂ ಸ್ಪಂಜಿಗೆ ಹತ್ತಿ ಖಲಾಸ್. ಮೂರು ತಿಂಗಳ ಕೆಲಸ ಕಸದ ಬುಟ್ಟಿಗೆ. ಅಣ್ಣ ಬಾಗಿಲಲ್ಲೇ ನಿಂತಿದ್ರು.

ಪಿಕಪ್ ಹತ್ತಿದ ಮೇಲೆ ಕೇಳಿದ್ರು, "ನೀನು ಹೇಳಿದ್ದಾ?"

"ಹೌದು."

"ನಂಗೇ ಕೇಳ್ಬಹುದಿತ್ತಲ್ಲ ಮಾರಾಯ. ಆ ನಾಲ್ಕನೇದು ಖಾಲಿ ಇರ್ಲಿಕ್ಕೇ ತರುದು. ದಾರಿಯಿಂದ, ನನ್ನ ಕೈಯಿಂದ ಎಷ್ಟು ಕೊಳೆ ಹತ್ತಿತು ಅಂತ ಅದರಲ್ಲಿ ನೋಡುದು. ಅಷ್ಟನ್ನು ಕಳೆದ್ಮೇಲೆ ಉಳಿದದ್ದು ಮಾತ್ರ ಗಾಳಿದು. ನನ್ನ ಮೇಲೆ ನಂಗೇ ಸಂಶಯ, ಅದಕ್ಕೇ ಅದು."

ಮಂಜಿಗೆ ಬೇರೆ ಯಾರೋ ಹೋದ್ರು. ಕಾಂಟ್ರಾಕ್ಟ್ ಮುಗಿದು ಅಣ್ಣ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಟ್ಟದ್ದು ನಾನೇ. ಬ್ಯಾಗ್ ಇಳಿಸಿದೆ. "ಜಾಗ್ರತೆ ಓಡ್ಸು" ಅಂದ್ರು, ಅಷ್ಟೇ. ಬೈದಿದ್ರೆ ಒಳ್ಳೇದಿತ್ತು...

ಅವರು ಪುನಃ ಆ ಕಡೆ ಹೋಗಲೇ ಇಲ್ಲ ಅಂತ ಊರಿನವರೊಬ್ರು ಹೇಳಿದ್ರು. ಹಾಳು ಮಾಡಿದ್ದು ನಾನು. ಬುದ್ಧಿ ಬಂತು ಅಂತ ಬರೀಬಹುದು, ಆದ್ರೆ ಸುಳ್ಳು. ಈಗ್ಲೂ ಯಾರ ಮೇಲಾದ್ರೂ ಸಂಶಯ ಬಂದ್ರೆ ಕೈ ಮೊದ್ಲು ಫೋನಿಗೇ ಹೋಗ್ತದೆ. ಅಣ್ಣನ ನಂಬರ್ ಅದರಲ್ಲೇ ಉಂಟು. ಅವ್ರಿಗೊಬ್ರಿಗೆ ಮಾಡ್ಲಿಕ್ಕೆ ಆಗುದಿಲ್ಲ.