ಗೂಡಿನ ಕಿರೀಟ, ಕೊಂಬಿನ ಟೋಪಿ

ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ನನ್ನ ಸೊಸೆಗೆ ಚರಿತ್ರೆ ಹೇಳಿಕೊಡುವ ಕೆಲಸ ಸಿಗಬೇಕಿತ್ತು. ಸಿಗಬೇಕಾದರೆ ಅಲ್ಲಿನ ಮಕ್ಕಳ ಮುಂದೆ, ಮೇಷ್ಟರುಗಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಹಿಂದೆ ಚಿಂತಾಮಣಿಯಲ್ಲಿ ಹೀಗೇ ಪಾಠಕ್ಕೆ ನಿಂತು, ಅರ್ಧಕ್ಕೇ ಬಿಟ್ಟು ವಾಪಸು ಬಂದಿದ್ದಳು. ಇದೂ ತಪ್ಪಿದರೆ ಪುಸ್ತಕಗಳನ್ನು ತೂಕಕ್ಕೆ ಹಾಕಿ ರೇಷ್ಮೆಹುಳು ಸಾಕಿಕೊಂಡಿರುತ್ತೇನೆ ಎಂದಳು. ಹುಳು ಸಾಕುವುದು ಕೆಟ್ಟ ಕೆಲಸವಲ್ಲ. ನಮ್ಮೂರು ಸಾದಲಿಯಲ್ಲಿ ನಾನು ಬದುಕಿದ್ದೇ ಅದರಿಂದ. ಆದರೆ ಅವಳ ಕೈಗೆ ಅದು ಒಗ್ಗುವುದಿಲ್ಲ. ಸೊಪ್ಪು ಒದ್ದೆಯಿದೆಯೋ ಒಣಗಿದೆಯೋ ನೋಡದೆ ಹಾಕುತ್ತಾಳೆ.

ಅವರು ಕೊಟ್ಟ ಪಾಠ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಎಂಬ ಚಳಿ ದೇಶಗಳದ್ದು. ಹುಳುಮನೆಯಲ್ಲಿ ನಾನು ತಟ್ಟೆ ನೋಡುತ್ತಿದ್ದರೆ ಅವಳು ಕಂಬಕ್ಕೊರಗಿ ಗಟ್ಟಿಯಾಗಿ ಓದುತ್ತಿದ್ದಳು. ರಾಷ್ಟ್ರೀಯತೆ, ಪುನರುಜ್ಜೀವನ, ಇನ್ನೂ ಏನೇನೋ.

"ಅರ್ಥ ಆಯ್ತಾ ಅತ್ತೆ?"

"ಇಲ್ಲ. ಹುಳಕ್ಕೂ ಆಗಿಲ್ಲ. ನೋಡು, ತಲೆ ಎತ್ಕೊಂಡು ನಿದ್ದೆ ಮಾಡ್ತಾವೆ."

ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಿದಳು. ಆ ಜನಕ್ಕೆ ಹಳೆಯ ದೇವರುಗಳಿದ್ದರು. ಚರ್ಚು ಬಂದ ಮೇಲೆ ಅವರನ್ನು ಬಿಟ್ಟರು. ನೂರಾರು ವರ್ಷ ಕಳೆದ ಮೇಲೆ ಒಂದು ದೇಶ ಯುದ್ಧ ಸೋತು ನೆಲ ಕಳೆದುಕೊಂಡಿತು, ಇನ್ನೊಂದು ನೆರೆಯವರ ಕೈಕೆಳಗಿತ್ತು. ಹಾಗಾದರೆ ನಾವು ಯಾರು ಎಂಬ ಪ್ರಶ್ನೆ ಎದ್ದಿತು. ಆಗ ಕವಿಗಳೂ ಚಿತ್ರಗಾರರೂ ಹಳೆಯ ಪುಸ್ತಕಗಳಿಂದ ಆ ದೇವರುಗಳನ್ನು ಎಬ್ಬಿಸಿ ತಂದರು.

"ತಂದ್ಬುಟ್ಟು? ಕೋಳಿ ಕುಯ್ದ್ರಾ?"

"ಪೂಜೆ ಇಲ್ಲ ಅತ್ತೆ. ಚಿತ್ರ ಬರೆದ್ರು, ನಾಟಕ ಆಡಿದ್ರು, ಮಕ್ಕಳಿಗೆ ಹೆಸರಿಟ್ರು."

"ತಿನ್ನಕ್ಕೆ ಕೊಡ್ದೆ ಬರೀ ಮೆರವಣಿಗೆನಾ? ನಮ್ಮ ಊರಮ್ಮ ಆಗಿದ್ರೆ ಬಿಡ್ತಿದ್ಲಾ?"

ಆ ದೇವರುಗಳಲ್ಲಿ ಸುತ್ತಿಗೆ ಹಿಡಿದ ಗಡ್ಡದವನೊಬ್ಬ. ಅವನ ಸುತ್ತಿಗೆಯನ್ನು ರಾಕ್ಷಸ ಕದ್ದು, ಒಬ್ಬ ದೇವಿಯನ್ನು ತನಗೆ ಮದುವೆ ಮಾಡಿಕೊಟ್ಟರೆ ಕೊಡುತ್ತೇನೆ ಎಂದನಂತೆ. ಆ ಗಡ್ಡದವನೇ ಮದುಮಗಳ ವೇಷ ಹಾಕಿ ಹೋಗಿ, ಮದುವೆಯೂಟದಲ್ಲಿ ಒಂದು ಇಡೀ ಎತ್ತನ್ನು ತಿಂದನಂತೆ. ನಾನು ನಕ್ಕು ಸೊಪ್ಪು ಚೆಲ್ಲಿದೆ. ನನ್ನ ಗಂಡ ಕೇಳಿಕೆಯಲ್ಲಿ, ಎಂದರೆ ನಮ್ಮ ಕಡೆಯ ಬಯಲು ನಾಟಕದಲ್ಲಿ, ರಾಣಿ ವೇಷ ಹಾಕುತ್ತಿದ್ದ. ಪರದೆ ಹಿಂದೆ ಸೀರೆ ಮೊಣಕಾಲಿಗೆತ್ತಿ ಬೀಡಿ ಸೇದುತ್ತಿದ್ದ.

ಪುಸ್ತಕದಲ್ಲಿ ಆ ದೇಶದ ಹಳೇ ವೀರರ ಚಿತ್ರವಿತ್ತು. ತಲೆಯ ಟೋಪಿಗೆ ಎರಡು ಕೊಂಬು.

"ಈ ಕೊಂಬು ಅವರ ಟೋಪಿಗೆ ಇರ್ಲೇ ಇಲ್ಲ ಅತ್ತೆ. ಆಮೇಲೆ ಚಿತ್ರದೋರು, ನಾಟಕದೋರು ಅಂಟಿಸಿದ್ದು. ಈಗ ಲೋಕವೆಲ್ಲ ನಿಜ ಅಂದ್ಕೊಂಡೈತೆ."

"ನನ್ನ ಗೂಡಿನ ಕಿರೀಟದ ಹಂಗೆ" ಎಂದೆ.

ಟಿವಿ ಬಂದು ಕೇಳಿಕೆ ನಿಂತಿತ್ತು. ಈಚೆಗೆ ಊರಿನ ಯುವಕರು ಮತ್ತೆ ಶುರು ಮಾಡಿದರು. ಹಳೇ ಮರದ ಕಿರೀಟ ಹುಳು ಹಿಡಿದು ಪುಡಿಯಾಗಿತ್ತು. ಹೊಸದಕ್ಕೆ ಮಣಿ ಸಿಗಲಿಲ್ಲ. ಚಿಟ್ಟೆ ತೂತು ಕೊರೆದು ಹೊರಬಿದ್ದಿದ್ದರಿಂದ ಮಾರಲಾಗದ ರೇಷ್ಮೆಗೂಡುಗಳಿದ್ದವು. ಮಣಿಯ ಬದಲು ಅವನ್ನೇ ಪೋಣಿಸಿ ಕಿರೀಟ ಕಟ್ಟಿದೆ. ದೀಪಕ್ಕೆ ಚೆನ್ನಾಗಿ ಕಂಡಿತು. ಈಗ ಬೇರೆ ಊರಿನವರೂ ಕಟ್ಟುತ್ತಾರೆ.

"ಇದನ್ನೇ ಹೇಳೇ ಅಲ್ಲಿ."

"ಕಾಲೇಜಲ್ಲಿ ಇದನ್ನೆಲ್ಲ ಹೇಳಿದ್ರೆ ನಗ್ತಾರೆ."

"ನಗ್ಲಿ. ನಿದ್ದೆ ಹೋಗೋದಕ್ಕಿಂತ ವಾಸಿ."

ಪಾಠದ ದಿನ ಕಿರೀಟವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಾನೂ ಬಸ್ಸು ಹತ್ತಿದೆ. ಕೊನೇ ಬೆಂಚಿನಲ್ಲಿ ಕೂರಲು ಬಿಟ್ಟರು. ಸೊಸೆ ಪುಸ್ತಕದ ಮಾತುಗಳನ್ನೇ ಹಿಡಿದಳು. ಮಕ್ಕಳು ಮೇಜಿನ ಕೆಳಗೆ ಫೋನು ಒತ್ತುತ್ತಿದ್ದರು. ದೊಡ್ಡ ಮೇಷ್ಟರು ಆಕಳಿಸಿದರು. ಅವಳ ದನಿ ಸಣ್ಣಗಾಯಿತು. ಚಿಂತಾಮಣಿಯದೇ ಕಥೆ ಎಂದುಕೊಂಡೆ. ಎದ್ದು ಹೋಗಿ ಗಂಟನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಬಯ್ಯುವವಳಂತೆ ನನ್ನನ್ನು ನೋಡಿದಳು. ಆಮೇಲೆ ಗಂಟು ಬಿಚ್ಚಿ ಕಿರೀಟ ಎತ್ತಿ ಹಿಡಿದಳು.

ಒಬ್ಬ ಹುಡುಗಿ ಕೂಗಿದಳು. "ಮೇಡಮ್, ಇದು ಕೆಂಚಾರ್ಲಹಳ್ಳಿ ಕೇಳಿಕೇಲೂ ಐತೆ! ನಮ್ಮತ್ತೆ ಊರು. ತಾತನ ಕಾಲದ್ದಂತೆ."

"ತಾತನ ಕಾಲದ್ದಲ್ಲಮ್ಮ. ಮಾಡಿದೋರು ಅಲ್ಲೇ ಹಿಂದೆ ಕೂತವ್ರೆ" ಎಂದಳು ಸೊಸೆ.

ಎಲ್ಲರೂ ತಿರುಗಿದರು. "ಹೌದಾ ಅಜ್ಜಿ?"

"ಹೌದು ಕಣಮ್ಮ. ಮಣಿ ಸಿಗಲಿಲ್ಲ, ಗೂಡು ಕಟ್ದೆ. ನಮ್ಮ ಕೇಳಿಕೇಲಿ ರಾಜನ ಅಂಗಿ ಹೊಲಿದಿದ್ದು ಶಿಡ್ಲಘಟ್ಟದಲ್ಲಿ ಉರ್ದು ಮಾತಾಡೋ ದರ್ಜಿ. ಅದನ್ನೂ ತಾತನ ಕಾಲದ್ದು ಅಂತೀರಾ?"

ನಕ್ಕರು. ಅಲ್ಲಿಂದ ಸೊಸೆ ನಿಲ್ಲಲಿಲ್ಲ. ಕೊಂಬಿನ ಟೋಪಿ, ಸೋತ ದೇಶ, ಎತ್ತು ತಿಂದ ಮದುಮಗಳು, ಎಲ್ಲವೂ ಬಂತು. ಫೋನುಗಳು ಜೇಬು ಸೇರಿದವು.

ದೊಡ್ಡ ಮೇಷ್ಟರು ಕೇಳಿದರು: "ಹಾಗಾದ್ರೆ ಆ ಜನ ತಮಗೆ ತಾವೇ ಸುಳ್ಳು ಹೇಳ್ಕೊಂಡ್ರಾ?"

"ಸುಳ್ಳು ಅನ್ನಲ್ಲ ಸರ್. ಸೋತೋರಿಗೆ ತಲೆ ಎತ್ತೋಕೆ ಏನೋ ಬೇಕಿತ್ತು, ಕಟ್ಕೊಂಡ್ರು. ಆದ್ರೆ ಯಾವುದು ಹಳೇದು, ಯಾವುದು ಹೊಸದು ಅಂತ ಹೇಳೋರು ಇರ್ಬೇಕು. ಇಲ್ದಿದ್ರೆ ಯಾರೋ ಬಂದು, ಈ ದೇವರು ನಮ್ಮದು, ನೀವು ಹೊರಗಿನೋರು ಅಂತಾರೆ. ಜರ್ಮನಿಯಲ್ಲಿ ಇದೇ ದೇವರುಗಳ ಹೆಸರು ಹಿಡಿದು ಹಂಗೇ ಅಂದ್ರು, ಲಕ್ಷಗಟ್ಲೆ ಜನ ಸತ್ರು."

ಮೇಷ್ಟರು ಬರಕೊಂಡರು.

ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ದಾಟುವಾಗ ಸೊಸೆ ನನ್ನ ಕಡೆ ತಿರುಗಿ "ನಿಮ್ಮನ್ನ ಯಾರು ಎದ್ದು ಬನ್ನಿ ಅಂದಿದ್ದು?" ಎಂದಳು. ನಾನು ಕಡಲೆಕಾಯಿ ಕೊಟ್ಟೆ, ತಿಂದಳು.

ವಾರ ಕಳೆದು ಕಾಲೇಜಿನಿಂದ ಫೋನು ಬಂತು, ಸೋಮವಾರದಿಂದ ಬರಬೇಕಂತೆ. ಅವಳು ಅತ್ತಳು, ಕೆಲಸ ಸಿಕ್ಕಿದ್ದಕ್ಕೆ ಯಾಕೆ ಅಳಬೇಕೋ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಸೊಪ್ಪು ಯಾರು ಕೊಯ್ಯುತ್ತಾರೆ ಎಂದು ಮಗ ಗೊಣಗಿದ. ಕುಡುಗೋಲು ಅವನ ಕೈಗಿಟ್ಟೆ.